ಐಸಿಯುನಿಂದ ಬದುಕಿ ಬಂದವರನ್ನು ಮತ್ತೆ ಯಾರು ನೋಡಬೇಕು?

ಐಸಿಯುನಿಂದ ರೋಗಿಯೊಬ್ಬರು ಬದುಕಿ ಹೊರಬಂದ ದಿನ ಮನೆಯವರು ಪೇಢೆ ಹಂಚುತ್ತಾರೆ. ವೈದ್ಯರ ಕಾಲಿಗೆ ಬೀಳಲು ಬರುತ್ತಾರೆ. ಬೇಡ ಬೇಡ ಎನ್ನುತ್ತಲೇ ನಾವು ಒಳಗೊಳಗೆ ಹಿಗ್ಗುತ್ತೇವೆ. ಅಷ್ಟರಲ್ಲಿ ಆ ಹಾಸಿಗೆಗೆ ಇನ್ನೊಬ್ಬರು ಬಂದಿರುತ್ತಾರೆ. ಬದುಕಿ ಹೋದವರು ನಮ್ಮ ಲೆಕ್ಕದಿಂದ ಹೊರಗಾಗುತ್ತಾರೆ. ಉತ್ತರ ಕರ್ನಾಟಕದ ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯಲ್ಲಿ 20 ವರ್ಷಕ್ಕೂ ಮಿಕ್ಕಿ ಈ ಕಾಯಕ ಮಾಡಿದ ನಾನೂ ಹಾಗೆಯೇ ಇದ್ದೆ. ನನ್ನ ಕಣ್ಣು ತೆರೆಸಿದ್ದು ಒಬ್ಬ ನೇಕಾರ ತಾಯಿ.

ನಲವತ್ತರ ಆಸುಪಾಸಿನ ಆ ತಾಯಿ ನ್ಯುಮೋನಿಯಾದ ನಂಜು ಮೈಗೆಲ್ಲ ಏರಿ ನಮ್ಮಲ್ಲಿಗೆ ಬಂದಿದ್ದರು. 13 ದಿನ ವೆಂಟಿಲೇಟರ್ ಮೇಲಿದ್ದರು. ಬಾಯಿಯ ಮೂಲಕ ಶ್ವಾಸನಾಳಕ್ಕೆ ನಳಿಕೆ ಇಳಿಸಿದವನು ನಾನೇ. ಗುಣವಾಗಿ ಮನೆಗೆ ಹೋಗುವಾಗ ಕೈಗೆ ಕೊಟ್ಟ ಡಿಸ್ಚಾರ್ಜ್ ಕಾರ್ಡು ಇಂಗ್ಲಿಷಿನಲ್ಲಿತ್ತು. ಏಳು ದಿನ ಬಿಟ್ಟು ಬರಬೇಕೆಂದಿತ್ತು, ಬಂದರು. ಹೊರರೋಗಿ ವಿಭಾಗದಲ್ಲಿದ್ದ ಕಿರಿಯ ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟು, ಬಿಪಿ ನೋಡಿ, ಎಲ್ಲ ಚೆನ್ನಾಗಿದೆ ಎಂದು ಕಳಿಸಿದರು. ಆ ದಿನದ ಮಟ್ಟಿಗೆ ಅದು ನಿಜವೂ ಆಗಿತ್ತು.

ಐದು ವಾರ ಕಳೆದ ಮೇಲೆ ಅವರಿಗೆ ಮೆಟ್ಟಿಲು ಹತ್ತಿದರೆ ದಮ್ಮು ಕಟ್ಟತೊಡಗಿತು. ಮಗ್ಗದ ದೂಳಿನಿಂದ ಅಸ್ತಮಾ ಆಗಿದೆ ಎಂದು ಊರಿನ ವೈದ್ಯರು ಇನ್ಹೇಲರ್ ಕೊಟ್ಟರು. ಅವರ ಮೇಲೆ ನನ್ನ ತಕರಾರಿಲ್ಲ. ಆ ಕಾರ್ಡು ನೋಡಿ ಬೇರೆ ಯಾರಿದ್ದರೂ ಹಾಗೆಯೇ ತಿಳಿಯುತ್ತಿದ್ದರು. ಎರಡು ತಿಂಗಳು ಇನ್ಹೇಲರ್ ಎಳೆದದ್ದೇ ಬಂತು. ಕೊನೆಗೊಂದು ರಾತ್ರಿ ಅವರನ್ನು ನಮ್ಮ ಆಸ್ಪತ್ರೆಗೆ ಹೊತ್ತು ತಂದಾಗ ಬಾಗಿಲಲ್ಲೇ ನನಗೆ ಆ ಸದ್ದು ಕೇಳಿಸಿತು. ಅಸ್ತಮಾದ ಸುಂಯ್ ಸದ್ದು ಸಾಮಾನ್ಯವಾಗಿ ಉಸಿರು ಬಿಡುವಾಗ ಎದೆಯಿಂದ ಬರುತ್ತದೆ. ಇವರದು ಉಸಿರು ಎಳೆದುಕೊಳ್ಳುವಾಗ, ಗಂಟಲಿನಿಂದ ಬರುತ್ತಿತ್ತು. ಸ್ಕ್ಯಾನ್ ಮಾಡಿಸಿದರೆ, ನಳಿಕೆಯ ತುದಿಯ ಬಲೂನು ಒತ್ತಿಕೊಂಡಿದ್ದ ಜಾಗದಲ್ಲಿ ಗಾಯ ಮಾಗಿ, ಕಲೆ ಬಿಗಿದು, ಶ್ವಾಸನಾಳ ಕಿರಿದಾಗಿತ್ತು.

ವೆಂಟಿಲೇಟರಿನಿಂದ ಇಳಿದ ಕೆಲವರಲ್ಲಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಹೀಗಾಗುವುದುಂಟು. ಇದು ನಮ್ಮ ಪಠ್ಯಪುಸ್ತಕಗಳಲ್ಲಿರುವ ಮಾತೇ. ನಳಿಕೆ ಇಳಿಸಿದವನಿಗೆ ಮೊದಲು ಹೊಳೆಯಬೇಕಾದದ್ದೂ ಇದೇ. ಆದರೆ ನಾನು ಆ ನಡುವೆ ಅವರನ್ನು ಒಮ್ಮೆಯೂ ನೋಡಿರಲಿಲ್ಲ.

ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಮೊದಲು ನಾಳವನ್ನು ಹಿಗ್ಗಿಸಿದರು, ಆಮೇಲೆ ಕಿರಿದಾದ ಭಾಗ ಕತ್ತರಿಸಿ ತೆಗೆದು ಜೋಡಿಸಿದರು. ಉಳಿದುಕೊಂಡರು.

ಅವರು ಸುಧಾರಿಸಿಕೊಂಡು ನನ್ನ ಬಳಿ ಬಂದಾಗ ತಿಳಿದ ಸಂಗತಿ ಇನ್ನೊಂದಿದೆ. ಮನೆಗೆ ಹೋದಂದಿನಿಂದ ಅವರು ರಾತ್ರಿ ಬೆಚ್ಚಿಬಿದ್ದು "ಕೈ ಬಿಡ್ರೋ" ಎಂದು ಚೀರುತ್ತಿದ್ದರಂತೆ. ದಿನವಿಡೀ ಗೋಡೆ ನೋಡುತ್ತ ಕೂರುತ್ತಿದ್ದರಂತೆ. ಒಲೆಯ ಮೇಲಿಟ್ಟ ಹಾಲು ಮರೆಯುತ್ತಿದ್ದರು, ಎಣಿಸಿಟ್ಟ ಎಳೆಗಳ ಲೆಕ್ಕ ತಪ್ಪುತ್ತಿದ್ದರು. ಗಾಳಿ ಸೋಕಿದೆ ಎಂದು ಓಣಿಯಲ್ಲಿ ಯಾರೋ ಹೇಳಿದರು. ತಾಯಿತ ಬಂತು, ಅಂತ್ರ ಬಂತು, ಅಮಾವಾಸ್ಯೆಗೊಮ್ಮೆ ದೂರದ ಊರಿಗೆ ಹೋಗಿಬರುವುದು ಬಂತು. ಅದಕ್ಕೆಂದು ಸಂಘದಲ್ಲಿ ಸಾಲವನ್ನೂ ತೆಗೆದರು. ಮಗಳು ನನ್ನೆದುರು ಅಳುತ್ತ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನಮ್ಮವ್ವನ್ನ ಬದುಕಿಸಿ ಕೊಟ್ರಿ ಸಾಹೇಬ್ರ. ಆದ್ರ ಮನಿಗೆ ಬಂದಾಕಿ ನಮ್ಮವ್ವ ಅನ್ಸಲಿಲ್ಲ."

ಆ ತಾಯಿ ಮಾತ್ರ ಯಾರಿಗೂ ಹೇಳಿರಲಿಲ್ಲ. ನೀಲಿ ಬಟ್ಟೆಯ ನಾಲ್ಕು ಜನ ತನ್ನ ಕೈ ಕಟ್ಟಿಹಾಕಿ ಕಿಡ್ನಿ ತೆಗೆಯಲು ನಿಂತಿದ್ದರು ಎಂದು ಅವರು ನಂಬಿದ್ದರು. ಹೇಳಿದರೆ ತಲೆ ಕೆಟ್ಟಿದೆ ಅಂದಾರೆಂಬ ಅಂಜಿಕೆ. ಕೈ ಕಟ್ಟಿದ್ದು ನಿಜ. ಅರೆಎಚ್ಚರದಲ್ಲಿ ನಳಿಕೆ ಕಿತ್ತುಕೊಳ್ಳದಿರಲೆಂದು ಮೆತ್ತನೆಯ ಪಟ್ಟಿಯಿಂದ ನಾವೇ ಕಟ್ಟಿದ್ದೆವು. ಉಳಿದದ್ದು ಸನ್ನಿ. ನಂಜು, ನಿದ್ದೆಗೇಡು, ಮಂಪರಿನ ಔಷಧ, ಹಗಲಿರುಳು ಆರದ ದೀಪ, ಕೂಗುವ ಯಂತ್ರಗಳು, ಇವೆಲ್ಲ ಸೇರಿ ಮಿದುಳು ಕಟ್ಟಿದ ಕತೆ. ಐಸಿಯುನಲ್ಲಿ ಇದು ದಿನನಿತ್ಯದ ಸಂಗತಿ. ಹತ್ತು ನಿಮಿಷ ಕೂತು ನಾನು ಇಷ್ಟನ್ನು ಮೊದಲೇ ಹೇಳಿದ್ದರೆ ಆ ಮನೆಯವರು ಅಂತ್ರದವರ ಮನೆಗೆ ಎಡತಾಕುತ್ತಿರಲಿಲ್ಲ ಎಂದು ನನಗನಿಸುತ್ತದೆ. ಮೂಢನಂಬಿಕೆಯ ವಿರುದ್ಧ ನಾವು ವೇದಿಕೆಗಳಲ್ಲಿ ಎಷ್ಟೋ ಮಾತಾಡುತ್ತೇವೆ, ನಾನೂ ಮಾತಾಡಿದ್ದೇನೆ. ವೈದ್ಯ ಬಾಯಿ ಮುಚ್ಚಿಕೊಂಡ ಕಡೆಯಲ್ಲೇ ಮಂತ್ರವಾದಿಗೆ ಜಾಗ ಸಿಗುತ್ತದೆ ಎನ್ನುವುದನ್ನು ಅಲ್ಲಿ ಯಾರೂ ಹೇಳಿದ್ದು ನೆನಪಿಲ್ಲ.

ಇದು ಒಬ್ಬರ ಕತೆಯಲ್ಲ. ಕೆನಡಾದ ಟೊರಾಂಟೊದ ವೈದ್ಯರು ಶ್ವಾಸಕೋಶ ತೀವ್ರವಾಗಿ ಕೆಟ್ಟು ಐಸಿಯು ಸೇರಿ ಬದುಕಿದ 109 ಜನರನ್ನು ಒಂದು ವರ್ಷ ಹಿಂಬಾಲಿಸಿ 2003ರಲ್ಲಿ ವರದಿ ಬರೆದರು. ಐಸಿಯು ಬಿಡುವ ಹೊತ್ತಿಗೆ ಅವರು ಸರಾಸರಿ ಶೇ. 18ರಷ್ಟು ತೂಕ ಕಳೆದುಕೊಂಡಿದ್ದರು. ವರ್ಷದ ಕೊನೆಗೆ ಶ್ವಾಸಕೋಶ ಬಹುಮಟ್ಟಿಗೆ ಸರಿಹೋಗಿತ್ತು. ಆದರೆ ಕೈಕಾಲುಗಳ ಬಲ ಮರಳಿರಲಿಲ್ಲ, ಪರೀಕ್ಷೆಗೆ ಸಿಕ್ಕವರಲ್ಲಿ ಅರ್ಧದಷ್ಟು ಜನ ಮಾತ್ರ ಕೆಲಸಕ್ಕೆ ಹೋಗುತ್ತಿದ್ದರು. ಅಮೆರಿಕದಲ್ಲಿ 821 ರೋಗಿಗಳನ್ನು ಸೇರಿಸಿಕೊಂಡು ನಡೆಸಿದ 2013ರ ಅಧ್ಯಯನದಲ್ಲಿ, ವರ್ಷ ಕಳೆದರೂ ಪರೀಕ್ಷೆಗೆ ಒಳಗಾದ ಮೂವರಲ್ಲಿ ಒಬ್ಬರ ನೆನಪು ಮತ್ತು ಯೋಚನಾಶಕ್ತಿ ತಲೆಗೆ ಸಾಕಷ್ಟು ಪೆಟ್ಟು ಬಿದ್ದವರ ಮಟ್ಟದಲ್ಲಿತ್ತು. ಇದು ವಯಸ್ಸಾದವರಲ್ಲಷ್ಟೇ ಅಲ್ಲ, ಕಿರಿಯರಲ್ಲೂ ಕಂಡಿತು. ದೇಹ, ಬುದ್ಧಿ, ಮನಸ್ಸು ಮೂರಕ್ಕೂ ತಗಲುವ ಈ ಪೆಟ್ಟಿಗೆ ವೈದ್ಯಲೋಕ ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್ ಎಂದು ಹೆಸರಿಟ್ಟಿದೆ. ನೋಡಿಕೊಂಡ ಮನೆಮಂದಿಯ ನಿದ್ದೆಗೇಡು, ಹೆದರಿಕೆಗಳನ್ನೂ ಅದರೊಳಗೆ ಸೇರಿಸಿದೆ. ಬ್ರಿಟನ್ನಿನ ಸರಕಾರಿ ಮಾರ್ಗಸೂಚಿ ಇಂಥವರನ್ನು ಐಸಿಯು ಬಿಟ್ಟ ಎರಡು ಮೂರು ತಿಂಗಳಿಗೆ ಮತ್ತೆ ನೋಡಬೇಕೆಂದು 2009ರಲ್ಲೇ ಹೇಳಿತು.

ನೋಡಲಿ, ಆದರೆ ಐಸಿಯು ವೈದ್ಯನೇ ಏಕೆ? ಊರಿನ ಡಾಕ್ಟರು ಸಾಲದೆ? ನನ್ನ ಸಹೋದ್ಯೋಗಿಗಳೇ ಹೀಗೆ ಕೇಳುತ್ತಾರೆ. ಸಾಲದು. ಆ ಹದಿಮೂರು ದಿನ ಒಳಗೆ ಏನೇನಾಯಿತು ಎಂಬುದು ಊರಿನ ಡಾಕ್ಟರಿಗೆ ಗೊತ್ತಿಲ್ಲ, ಮನೆಯವರಿಗೆ ಗೊತ್ತಿಲ್ಲ, ರೋಗಿಗಂತೂ ಇಲ್ಲವೇ ಇಲ್ಲ. ಗೊತ್ತಿರುವುದು ನಮಗೆ. ಸನ್ನಿಗೆಂದು ನಾವು ನಾಲ್ಕು ದಿನಕ್ಕೆ ಹಚ್ಚಿದ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿರುವವರನ್ನು ನಾನು ನೋಡಿದ್ದೇನೆ. ಹಚ್ಚಿದವರು ನಿಲ್ಲಿಸಿ ಎಂದಿರಲಿಲ್ಲ, ಬೇರೆಯವರಿಗೆ ನಿಲ್ಲಿಸುವ ಧೈರ್ಯವಿರಲಿಲ್ಲ. ನೇಕಾರರು ಸೀರೆಯನ್ನು ಮಗ್ಗದಿಂದ ಇಳಿಸಿದ ಮೇಲೂ ಬಿಚ್ಚಿ, ಬೆಳಕಿಗೆ ಹಿಡಿದು, ಎಳೆ ತಪ್ಪಿದೆಯೇ ನೋಡುತ್ತಾರೆ. ನಾವು ಇಳಿಸಿ ಕೈ ತೊಳೆದುಕೊಳ್ಳುತ್ತೇವೆ. ಇದನ್ನು ಕಾಯಕ ಎಂದು ಹೇಳಿಕೊಳ್ಳಲು ನನಗೆ ಈಗ ನಾಚಿಕೆ.

ಅಡ್ಡಿಗಳಿಲ್ಲವೆಂದಲ್ಲ. ಐಸಿಯು ತಜ್ಞರು ಕಡಿಮೆ, ಹಾಸಿಗೆ ಬಿಟ್ಟು ಏಳಲು ಪುರುಸೊತ್ತಿಲ್ಲ. ಆಸ್ಪತ್ರೆಗೆ ಇದರಿಂದ ಹಣ ಹುಟ್ಟುವುದಿಲ್ಲ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಬಿಡುಗಡೆಯ ನಂತರದ ಔಷಧ, ತಪಾಸಣೆ 15 ದಿನಗಳವರೆಗೆ ಸೇರಿದೆ. ಆ ತಾಯಿಗೆ ದಮ್ಮು ಶುರುವಾದದ್ದು ಐದನೆಯ ವಾರದಲ್ಲಿ. ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಜೊತೆಗೆ ಬರುವವರ ಕೂಲಿ ಬೇರೆ. ಇನ್ನೊಂದನ್ನೂ ಮುಚ್ಚಿಡಬಾರದು. ನರ್ಸ್‌ಗಳು ನಡೆಸುವ ಇಂಥ ಕ್ಲಿನಿಕ್ಕುಗಳನ್ನು ಬ್ರಿಟನ್ನಿನಲ್ಲಿ ಪರೀಕ್ಷೆಗೊಡ್ಡಿದಾಗ, ರೋಗಿಗಳ ಜೀವನದ ಗುಣಮಟ್ಟ ವರ್ಷದ ಕೊನೆಗೆ ಹೆಚ್ಚಲಿಲ್ಲ ಎಂದು 2009ರಲ್ಲಿ ವರದಿಯಾಯಿತು. ಇದನ್ನು ಓದಿ ನಾನೂ ಯೋಚನೆಗೆ ಬಿದ್ದೆ. ಬರಿದೆ ಕರೆದು ಮಾತಾಡಿಸಿದರೆ ಕಾಲಿಗೆ ಬಲ ಬರುವುದಿಲ್ಲ, ಅದಕ್ಕೆ ಫಿಸಿಯೋಥೆರಪಿ ಹಾಸಿಗೆಯಲ್ಲಿದ್ದಾಗಲೇ ಶುರುವಾಗಬೇಕು. ಆದರೆ ಕಿರಿದಾಗುತ್ತಿರುವ ಶ್ವಾಸನಾಳ ಯಾರಾದರೂ ನೋಡಿದರೆ ತಾನೇ ಸಿಗುವುದು?

ನಾನೀಗ ಮಾಡುತ್ತಿರುವುದು ದೊಡ್ಡದೇನಲ್ಲ. ವಾರಕ್ಕೊಂದು ಮಧ್ಯಾಹ್ನ, ವೆಂಟಿಲೇಟರಿನಿಂದ ಇಳಿದು ಹೋದವರಿಗಾಗಿ ಕೂರುತ್ತೇನೆ. ಆರು ವಾರಕ್ಕೊಮ್ಮೆ, ಮೂರು ತಿಂಗಳಿಗೊಮ್ಮೆ, ಒಟ್ಟು ಎರಡು ಭೇಟಿ. ಆಸ್ಪತ್ರೆಯ ಮೆಟ್ಟಿಲು ಹತ್ತಿಸಿ ಉಸಿರು ಕೇಳಿಸಿಕೊಳ್ಳುತ್ತೇನೆ. ದನಿ ಬದಲಾಗಿದೆಯೇ, ನುಂಗುವಾಗ ಕೆಮ್ಮು ಬರುತ್ತದೆಯೇ, ಬೆನ್ನಿನ ಹುಣ್ಣು ಮಾಗಿದೆಯೇ ನೋಡುತ್ತೇನೆ. ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಸಿ ಬೇಡದ್ದನ್ನು ನಿಲ್ಲಿಸುತ್ತೇನೆ. ಕೊನೆಗೆ "ಒಳಗಿದ್ದಾಗಿನದು ಏನು ನೆನಪೈತ್ರಿ?" ಎಂದು ಕೇಳಿ ಸುಮ್ಮನಿರುತ್ತೇನೆ. ಮೊದಲ ಸಲ ಬಹಳ ಜನ ಏನೂ ಇಲ್ಲ ಎನ್ನುತ್ತಾರೆ. ಬರಲಾಗದವರಿಗೆ ಫೋನು. ಮನಸ್ಸು ತೀರ ಕುಗ್ಗಿದವರಿಗೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಬರೆದುಕೊಡುತ್ತೇನೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಡಿಸ್ಚಾರ್ಜ್ ಕಾರ್ಡಿನ ಹಿಂಬದಿಯಲ್ಲಿ ಕನ್ನಡದಲ್ಲಿ ಆರು ಸಾಲು ಇರುತ್ತವೆ: ಏನು ಕಾಯಿಲೆ, ಎಷ್ಟು ದಿನ ನಳಿಕೆ, ಏನು ಕಂಡರೆ ತಡಮಾಡದೆ ಬರಬೇಕು.

ಶರಣ ಬಂಧುಗಳೇ, ನಮ್ಮ ಮಠಗಳ ಆಶ್ರಯದಲ್ಲಿ ಆಸ್ಪತ್ರೆಗಳಿವೆ, ವೈದ್ಯಕೀಯ ಕಾಲೇಜುಗಳಿವೆ. ಮೈಸೂರಿನ ಜೆಎಸ್‌ಎಸ್, ತುಮಕೂರಿನ ಸಿದ್ಧಗಂಗಾ ಆಸ್ಪತ್ರೆಗಳು ನಿಮಗೆಲ್ಲ ಗೊತ್ತಿರುವವೇ. ಐಸಿಯು ಇರುವ ಇಂಥ ಪ್ರತಿಯೊಂದು ಆಸ್ಪತ್ರೆಯೂ ವಾರಕ್ಕೊಂದು ಮಧ್ಯಾಹ್ನ ಇದಕ್ಕೆ ಮೀಸಲಿಡಬೇಕೆಂದು ಪೂಜ್ಯರಲ್ಲಿಯೂ ಆಡಳಿತ ಮಂಡಳಿಗಳಲ್ಲಿಯೂ ನನ್ನ ಬೇಡಿಕೆ. ಹೊಸ ಕಟ್ಟಡ ಬೇಡ, ಯಂತ್ರ ಬೇಡ. ದೂರದಿಂದ ಬಂದವರಿಗೆ ದಾಸೋಹದ ಊಟ, ಬಸ್ಸಿನ ಖರ್ಚು ಸಿಕ್ಕರೆ ಅರ್ಧ ಅಡ್ಡಿ ಕಳೆಯಿತು. ದಾನಿಗಳು ವೆಂಟಿಲೇಟರ್ ಕೊಟ್ಟು ಫಲಕದಲ್ಲಿ ಹೆಸರು ಬರೆಸುವುದನ್ನು ಕಂಡಿದ್ದೇನೆ, ಅದೂ ಬೇಕು. ಬಸ್ಸಿನ ಖರ್ಚಿಗೆ ಫಲಕವಿರುವುದಿಲ್ಲ, ಅಷ್ಟೇ.

ಆ ತಾಯಿ ಕಳೆದ ಸಲ ಬಂದಾಗ, ತಾವು ಮಲಗಿದ್ದ ಹಾಸಿಗೆ ನೋಡಬೇಕೆಂದರು. ಮಗಳೊಡನೆ ಒಳಗೆ ಕರೆದುಕೊಂಡು ಹೋದೆ. ಹಾಸಿಗೆ ಖಾಲಿಯಿತ್ತು. ತುಸು ಹೊತ್ತು ನಿಂತು ನೋಡಿದರು. ಸಲೈನ್ ಬಾಟಲಿ ತೂಗುಹಾಕುವ ಕಂಬಗಳನ್ನು ಎಣಿಸಿ, "ನಾಕ ಮಂದಿ ಅಂದ್ರ ಇವೇನ್ರಿ?" ಎಂದು ಕೇಳಿದರು. ಅಲ್ಲಿದ್ದ ನೀಲಿ ಬಟ್ಟೆಯ ನರ್ಸ್ ಮುಂದೆ ಬಂದು, ಕೈಗೆ ಪಟ್ಟಿ ಕಟ್ಟಿದವಳು ತಾನೇ ಎಂದಳು. ಆ ತಾಯಿ ಅವಳ ಕೈ ಹಿಡಿದುಕೊಂಡು ಊರು ಯಾವುದು, ತಾಯಿ ತಂದೆ ಇದ್ದಾರೆಯೇ ಎಂದೆಲ್ಲ ವಿಚಾರಿಸಿದರು. ನಾಲ್ಕರ ಬಸ್ಸಿಗೆ ಹೊತ್ತಾಯಿತೆಂದು ಮಗಳು ಅವಸರ ಮಾಡುತ್ತಿದ್ದಳು.