ಅಟ್ಟದ ಭರ್ಜಿಗೆ ಗುಜರಿಯೇ ಗತಿಯೇ?

ಆಯುಧಪೂಜೆ ಬಂತೆಂದರೆ ನಂಜನಗೂಡಿನ ಅಂಗಡಿ ತಕ್ಕಡಿಗೂ ಕುಂಕುಮ, ಟಿ. ನರಸೀಪುರದ ಬಸ್ಸಿಗೂ ಬಾಳೆಕಂದು. ತಾತನ ಕಾಲದ ಭರ್ಜಿ ಮಾತ್ರ ಅಟ್ಟದಲ್ಲಿ ತುಕ್ಕು ಹಿಡಿದು, ಕಡೆಗೆ ಗುಜರಿಯವನ ತಕ್ಕಡಿ ಏರುತ್ತದೆ. ಇದು ಸರಿಯೇ?

ಜಪಾನಿನಲ್ಲಿ ನೋಡಿ: ‘ಯಾರಿ’ ಎಂಬ ಹಳೇ ಈಟಿಯನ್ನು ಎಣ್ಣೆ ಹಚ್ಚಿ, ಸರ್ಕಾರದ ನೋಂದಣಿ ಚೀಟಿ ಸಮೇತ ಮನೆಯಲ್ಲೇ ಜೋಪಾನ ಮಾಡುತ್ತಾರೆ.

ನಮ್ಮಲ್ಲೂ ಕಾಯಿದೆ ಉಂಟು. ನೂರು ವರ್ಷ ದಾಟಿದ ಭರ್ಜಿ 1972ರ ಪುರಾತನ ವಸ್ತುಗಳ ಕಾಯಿದೆಯಡಿ ಬರಬಹುದು. ಬಂದರೆ ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅಲಗು 9 ಅಂಗುಲ ಮೀರಿದ್ದರೆ 1959ರ ಆಯುಧ ಕಾಯಿದೆಯ ಮಾತೂ ಬರುತ್ತದೆ. ಠಾಣೆಯಲ್ಲಿ ಒಮ್ಮೆ ಕೇಳಿಬಿಡಿ.

ಇಟ್ಟುಕೊಳ್ಳುವುದಾದರೆ ಎಣ್ಣೆ ಒರೆಸಿ, ಮಕ್ಕಳ ಕೈಗೆ ಎಟುಕದ ಹಾಗೆ ಗೋಡೆಗೆ ಬಿಗಿಯಿರಿ. ಬೇಡವೆಂದರೆ ರಾಜ್ಯ ಪುರಾತತ್ವ ಇಲಾಖೆ ಮೈಸೂರಿನಲ್ಲೇ ಇದೆ, ಒಂದು ಬಸ್ಸಿನ ದಾರಿ. ಕಿಲೋಗಿಷ್ಟು ಅಂತ ಮಾತ್ರ ಕೊಡಬೇಡಿ ಸ್ವಾಮಿ.