ಎಳೆಯ ಕೊರಳಿಗೆ ಕೀರ್ತಿಯ ಭಾರ

ಕಳೆದ ಬೇಸಿಗೆ ರಜೆಯಲ್ಲಿ ಮಿತ್ರರೊಬ್ಬರ ಮನೆಯ ಮದುವೆಯ ನಿಮಿತ್ತ ತಮಿಳುನಾಡಿನ ತೇನಿ ಜಿಲ್ಲೆಯ ಓಡೈಪಟ್ಟಿಗೆ ಹೋಗಿಬರುವ ಸಂದರ್ಭ ನಮಗೆ ಒದಗಿತು. ಕಂಬಂ ಕಣಿವೆಯ ಈ ಊರು ಬೀಜವಿಲ್ಲದ ದ್ರಾಕ್ಷಿಗೆ ಹೆಸರಾದುದು. ಆ ಕಣಿವೆಯಲ್ಲಿ ತಲೆಮಾರುಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಒಕ್ಕಲು ಕುಟುಂಬಗಳಿವೆ ಎಂಬುದು ನಮ್ಮ ಓದುಗರಲ್ಲಿ ಕೆಲವರಿಗೆ ಹೊಸ ಸಂಗತಿಯಾಗಿ ತೋರೀತು. ಶಾಲೆ ತಮಿಳಿನದು, ಪೇಟೆ ತಮಿಳಿನದು, ದೇವರ ಮುಂದಿನ ಹಾಡೂ ತಮಿಳಿನದು. ಒಲೆಯ ಮುಂದಿನ ಮಾತು ಮಾತ್ರ ಕನ್ನಡ.

ಮದುವೆಯ ಸಂಜೆ ಚಪ್ಪರದಲ್ಲಿ ಒಂಬತ್ತನೇ ತರಗತಿ ಮುಗಿಸಿದ ಹುಡುಗಿಯೊಬ್ಬಳು ಮೈಕಿನ ಮುಂದೆ ನಿಂತು ಎರಡು ಚಿತ್ರಗೀತೆಗಳನ್ನು ಹಾಡಿದಳು. ಉತ್ತಮ ಕಂಠ. ಊಟದೆಲೆಯ ಮುಂದೆ ಕುಳಿತವರು ಕೂಡ ಕೈ ತಡೆದು ಕೇಳಿದರು. ಕನ್ನಡದ ಹಾಡೊಂದು ಬರುತ್ತದೆಯೇ ಎಂದು ನಾವು ವಿಚಾರಿಸಿದಾಗ ಅಜ್ಜಿಯ ಕಡೆ ನೋಡಿ ನಕ್ಕುಬಿಟ್ಟಳು. ನಮ್ಮ ಜಿಲ್ಲೆಯ ಕನ್ನಡ ಶಾಲೆಗಳ ಮಕ್ಕಳು ಮಲಯಾಳ ಚಿತ್ರಗೀತೆಗಳನ್ನು ಗುನುಗುವುದನ್ನು ನಿತ್ಯ ಕೇಳುವ ನಮಗೆ ಅದರಿಂದ ಆಶ್ಚರ್ಯವೇನೂ ಆಗಲಿಲ್ಲ. ಆ ಮಾತು ಇನ್ನೊಂದು ದಿನಕ್ಕಿರಲಿ.

ಹಾಡಿನ ಬಳಿಕ ಹುಡುಗಿಯ ತಂದೆ ನಮ್ಮ ಬಳಿ ಬಂದು ಕುಳಿತರು. ಗೇಣಿಗೆ ದ್ರಾಕ್ಷಿ ತೋಟ ಮಾಡುವವರು. ಮಗಳನ್ನು ಮದರಾಸಿನ ಟಿ.ವಿ. ಹಾಡುಗಾರಿಕೆ ಸ್ಪರ್ಧೆಗೆ ಕಳಿಸಬೇಕೆಂದು ಊರಿನ ಹತ್ತು ಮಂದಿ ಹೇಳುತ್ತಿದ್ದಾರೆ. ಆಯ್ಕೆಯಾದರೆ ತಿಂಗಳುಗಟ್ಟಲೆ ಅಲ್ಲಿಯೇ ಇರಬೇಕಾದೀತು. ಹತ್ತನೇ ತರಗತಿಯನ್ನು ಒಂದು ವರ್ಷ ಮುಂದೂಡಿದರೆ ಏನು ನಷ್ಟ, ತಾವು ಮೇಷ್ಟರಲ್ಲವೇ, ತಾವೇ ಹೇಳಿ ಎಂದರು. ನಮಗೆ ಆಗ ತಕ್ಕ ಉತ್ತರ ಹೊಳೆಯಲಿಲ್ಲ. ನೋಡೋಣ ಎಂದೇನೋ ಹೇಳಿ ಜಾರಿಕೊಂಡೆವು. ಊರಿಗೆ ಮರಳಿದ ಮೇಲೂ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ.

ಹದಿಹರೆಯದ ಹುಡುಗಿಗೆ ದಿನ ಬೆಳಗಾಗುವುದರೊಳಗೆ ಕೀರ್ತಿ ಬಂದ ಕಥೆಗಳಲ್ಲಿ ನಮ್ಮ ಉಪಖಂಡದಲ್ಲಿ ನಾಜಿಯಾ ಹಸನ್‌ಳ ಕಥೆಗೆ ಸಮನಾದುದು ಮತ್ತೊಂದಿಲ್ಲ. ಐವತ್ತು ದಾಟಿದ ಓದುಗರಿಗೆ 1980ರ 'ಕುರ್ಬಾನಿ' ಚಿತ್ರದ 'ಆಪ್ ಜೈಸಾ ಕೋಯಿ' ಹಾಡು ನೆನಪಿರಲೇಬೇಕು. ಹೋಟೆಲಿನ ರೇಡಿಯೋದಿಂದ ಹಿಡಿದು ಮದುವೆಮನೆಯ ಧ್ವನಿವರ್ಧಕದವರೆಗೆ ಆ ವರ್ಷ ಅದೊಂದೇ ಹಾಡು. ಆ ಹಾಡಿನ ಹಿಂದೆ ನಿಂತ ಇಬ್ಬರೂ ಬೆಂಗಳೂರಿನಲ್ಲಿ ಹುಟ್ಟಿದವರೆಂಬುದು ಮಾತ್ರ ಅನೇಕರಿಗೆ ತಿಳಿದಿರಲಾರದು. ಚಿತ್ರದ ನಿರ್ಮಾಪಕ, ನಿರ್ದೇಶಕ ಹಾಗೂ ನಾಯಕ ಫಿರೋಜ್ ಖಾನ್ 1939ರಲ್ಲಿ ಅಲ್ಲಿ ಜನಿಸಿದವರು. ರಾಗ ಸಂಯೋಜಿಸಿದ ಬಿದ್ದು ಅಪ್ಪಯ್ಯ ಕೊಡವ ಮನೆತನದವರು. ಬೆಂಗಳೂರಿನಲ್ಲಿ ಗಿಟಾರು ಹಿಡಿದು ವಾದ್ಯವೃಂದ ಕಟ್ಟಿ, ಆಮೇಲೆ ಇಂಗ್ಲೆಂಡಿಗೆ ಹೋಗಿ, 1974ರ 'ಕುಂಗ್ ಫು ಫೈಟಿಂಗ್' ಹಾಡಿನಿಂದ ಜಗತ್ತಿಗೆ ಪರಿಚಿತರಾದವರು. ಲಂಡನ್ನಿನಲ್ಲಿ ಒಂದು ಸಂತೋಷಕೂಟದಲ್ಲಿ ಫಿರೋಜ್ ಖಾನರ ಕಣ್ಣಿಗೆ ಬಿದ್ದ ಕರಾಚಿಯ ಹುಡುಗಿಯನ್ನು ಬಿದ್ದು ಅವರ ಬಳಿಗೆ ಕಳಿಸಲಾಯಿತು. ಹಾಡು ಲಂಡನ್ನಿನಲ್ಲಿ ಮುದ್ರಿತವಾಯಿತು. ಚಿತ್ರದ ಉಳಿದ ಸಂಗೀತ ಕಲ್ಯಾಣ್‌ಜಿ-ಆನಂದ್‌ಜಿಯವರದು. ಇದೊಂದೇ ಹಾಡು ಹೊರಗಿನಿಂದ ಬಂದದ್ದು; ಜನರ ಬಾಯಲ್ಲಿ ಹೆಚ್ಚಾಗಿ ಉಳಿದದ್ದೂ ಅದೇ.

ನಾಜಿಯಾ ಹುಟ್ಟಿದ್ದು 1965ರ ಏಪ್ರಿಲಿನಲ್ಲಿ. ಹದಿನೈದರ ಹರೆಯದ ಆ ಹಾಡಿಗೆ 1981ರ ಫಿಲ್ಮ್‌ಫೇರ್ ಗಾಯಕಿ ಪ್ರಶಸ್ತಿ ದೊರೆಯಿತು. ಅದೇ ವರ್ಷ ತಮ್ಮ ಜೊಹೇಬ್‌ನೊಂದಿಗೆ ಹಾಡಿದ 'ಡಿಸ್ಕೋ ದಿವಾನೆ' ಹೊರಬಂದು, ಸಿನಿಮಾದ ಹಂಗಿಲ್ಲದೆಯೇ ಒಂದು ಧ್ವನಿಮುದ್ರಿಕೆ ಮನೆಮನೆಗೆ ತಲುಪಬಲ್ಲದೆಂದು ತೋರಿಸಿಕೊಟ್ಟಿತು. ಗಡಿಯ ಆಚೆ ಸೈನಿಕ ಆಡಳಿತ, ಈಚೆ ಅದನ್ನು ನೆನೆದರೇ ಹುಬ್ಬು ಗಂಟಿಕ್ಕುವ ಜನ. ಹಾಗಿದ್ದೂ ಎರಡೂ ಕಡೆಯ ಹುಡುಗಿಯರು ಒಬ್ಬಳೇ ಹುಡುಗಿಯಂತೆ ಕೂದಲು ಕತ್ತರಿಸಿಕೊಂಡ ಕಾಲ ಅದು.

ಸಿನಿಮಾ ಪತ್ರಿಕೆಗಳು ಈ ಕಥೆಯನ್ನು ಇಲ್ಲಿಗೆ ನಿಲ್ಲಿಸುವುದು ವಾಡಿಕೆ. ಶಾಲೆಯ ಕಡೆಯಿಂದ ನೋಡುವ ನಮಗೆ ಮುಂದಿನ ಭಾಗವೇ ಮುಖ್ಯ. ನಾಜಿಯಾ ಓದು ಬಿಡಲಿಲ್ಲ. ಲಂಡನ್ನಿನಲ್ಲಿ ಕಾಲೇಜು ಮುಗಿಸಿ, ಕಾನೂನು ಪದವಿ ಪಡೆದು, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದರು. 1981ರಿಂದ 1992ರವರೆಗಿನ ಹನ್ನೊಂದು ವರ್ಷಗಳಲ್ಲಿ ಹೊರತಂದದ್ದು ಐದೇ ಸಂಪುಟಗಳು. ಆ ಬಳಿಕ ಹಾಡುವುದನ್ನೇ ಬಿಟ್ಟರು. ಅಂಥ ಬೇಡಿಕೆಯಿದ್ದ ಕಂಠಕ್ಕೆ ವರ್ಷಕ್ಕೆ ಮೂರು ಸಂಪುಟ ಹಾಡಿಸಿ ಹಿಂಡಿಹಾಕುವುದು ಮನೆಯವರಿಗೆ ಕಷ್ಟವಾಗಿರಲಿಲ್ಲ. 2000ದ ಆಗಸ್ಟ್ 13ರಂದು, ಮೂವತ್ತೈದರ ವಯಸ್ಸಿನಲ್ಲಿ, ಶ್ವಾಸಕೋಶದ ಅರ್ಬುದದಿಂದ ಅವರು ಲಂಡನ್ನಿನಲ್ಲಿ ತೀರಿಕೊಂಡರು. ಆ ಕಾಯಿಲೆಗೂ ಕೀರ್ತಿಗೂ ನಂಟು ಹಚ್ಚುವುದು ಅನ್ಯಾಯ. ಹಾಡು ನಿಂತ ಮೇಲೆಯೂ ಅವರ ಕೈಯಲ್ಲಿ ಒಂದು ವೃತ್ತಿ, ಒಂದು ಜೀವನ ಇತ್ತೆಂಬುದನ್ನಷ್ಟೇ ನಾವು ಎತ್ತಿ ಹೇಳುತ್ತಿದ್ದೇವೆ. ಅನುಕೂಲಸ್ಥರ ಮನೆಯ ಮಗಳಿಗೆ ಇದು ಸುಲಭವೆಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪುತ್ತೇವೆ. ಗೇಣಿ ತೋಟದವರ ಮಗಳಿಗೆ ಹಾಗೆ ಬೀಳದಂತೆ ಹಿಡಿಯುವ ಕೈಗಳು ಕಡಿಮೆ. ಆದುದರಿಂದಲೇ ಅವಳಿಗೆ ಹತ್ತನೇ ತರಗತಿ ಹೆಚ್ಚು ಬೇಕು.

ಓಡೈಪಟ್ಟಿಯವರ ಬಾಯಲ್ಲಿ ಇನ್ನೊಂದು ಸಿದ್ಧ ಉತ್ತರವಿದೆ. ಅವರದೇ ಉತ್ತಮಪಾಳಯಂ ತಾಲೂಕಿನ ಪಣ್ಣೈಪುರದ ಇಳಯರಾಜ ಹದಿನಾಲ್ಕನೇ ವಯಸ್ಸಿಗೇ ಅಣ್ಣ ಪಾವಲರ್ ವರದರಾಜನ್ ಅವರ ತಂಡದೊಂದಿಗೆ ಊರೂರು ತಿರುಗಲಿಲ್ಲವೇ, ಏನು ಕೆಟ್ಟುಹೋಯಿತು ಎಂಬುದೇ ಆ ಉತ್ತರ. ಮದುವೆಮನೆಯಲ್ಲಿಯೂ ಈ ಮಾತು ಬಂದಿತ್ತು. ಸರಿ, ಆದರೆ 1943ರಲ್ಲಿ ಹುಟ್ಟಿದ ಇಳಯರಾಜರ ಮೊದಲ ಚಿತ್ರ 'ಅನ್ನಕ್ಕಿಳಿ' ಬಂದದ್ದು 1976ರಲ್ಲಿ. ನಡುವಿನ ವರ್ಷಗಳಲ್ಲಿ ಅವರು ಧನರಾಜ್ ಮಾಸ್ಟರರ ಮುಂದೆ ಕುಳಿತು ಸ್ವರಲಿಪಿ ಕಲಿತರು. ನಮ್ಮ ಕನ್ನಡ ಚಿತ್ರಗಳ ಜಿ. ಕೆ. ವೆಂಕಟೇಶರ ಕೈಕೆಳಗೆ ಸಹಾಯಕರಾಗಿ ದುಡಿದರು. ತಪ್ಪು ನುಡಿಸಿದ ದಿನ ಅವರನ್ನು ಕಂಡವರು ವಾದ್ಯವೃಂದದ ಹತ್ತಿಪ್ಪತ್ತು ಮಂದಿ. ಇಂದು ಹದಿನಾಲ್ಕರ ಹುಡುಗಿ ಒಂದು ಸ್ವರ ತಪ್ಪಿದರೆ ಕಾಣುವವರು ಎಷ್ಟು ಲಕ್ಷ? ಅವಳ ಕಣ್ಣೀರನ್ನು ಹತ್ತಿರದಿಂದ ತೋರಿಸಿ, ಹಿನ್ನೆಲೆಗೆ ಪಿಟೀಲು ಸೇರಿಸಿ, ಮರುದಿನ ಮತ್ತೆ ತೋರಿಸುವ ಪದ್ಧತಿಯೂ ಬಂದಿದೆ. ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಕನ್ನಡದಲ್ಲಿ ನಡೆಸಿಕೊಟ್ಟ 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದಲ್ಲಿ ತಪ್ಪನ್ನು ಮೆಲುದನಿಯಲ್ಲಿ ತಿದ್ದಿ, ತಾವೇ ಆ ಸಾಲು ಹಾಡಿ ತೋರಿಸುತ್ತಿದ್ದುದನ್ನು ಕಂಡವರಿಗೆ ಈ ವ್ಯತ್ಯಾಸ ತಿಳಿಯದಿರದು.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ನೋಡಬೇಕು. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರಲ್ಲಿ ನಿಯಮಗಳು ಬಂದಿವೆ. ಮಕ್ಕಳನ್ನು ಕಾರ್ಯಕ್ರಮಗಳಲ್ಲಿ ಬಳಸುವವರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ದಿನಕ್ಕೆ ಐದು ತಾಸಿಗಿಂತ ಹೆಚ್ಚು, ಬಿಡುವಿಲ್ಲದೆ ಮೂರು ತಾಸಿಗಿಂತ ಹೆಚ್ಚು ದುಡಿಸಬಾರದು. ಎಡೆಬಿಡದೆ 27 ದಿನಗಳನ್ನು ಮೀರಬಾರದು. ಸಂಪಾದನೆಯಲ್ಲಿ ಕನಿಷ್ಠ ಶೇಕಡಾ 20ನ್ನು ಮಗುವಿನ ಹೆಸರಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಬೇಕು. ಮಗುವಿನ ಇಚ್ಛೆಗೆ ವಿರುದ್ಧವಾಗಿ ಭಾಗವಹಿಸುವಂತೆ ಮಾಡಕೂಡದು. ನಿಯಮಗಳು ಒಳ್ಳೆಯವೇ. ಆದರೆ ಈ ಕಾಯಿದೆಯಲ್ಲಿ ಮಗು ಎಂದರೆ ಹದಿನಾಲ್ಕು ತುಂಬದವರು. ಓಡೈಪಟ್ಟಿಯ ಹುಡುಗಿಗೆ ಹದಿನಾಲ್ಕು ತುಂಬಿದೆ. 'ಆಪ್ ಜೈಸಾ ಕೋಯಿ' ಹಾಡಿದ ವಯಸ್ಸಿನ ಹುಡುಗಿಯೊಬ್ಬಳು ಇಂದು ಸ್ಟುಡಿಯೋದಲ್ಲಿ ನಿಂತರೆ ಈ ಐದು ತಾಸಿನ ಮಿತಿಯಾಗಲಿ ಠೇವಣಿಯಾಗಲಿ ಅವಳಿಗೆ ಅನ್ವಯಿಸದು. ಇತ್ತ ಹದಿನೆಂಟು ತುಂಬದವರು ಮಾಡಿಕೊಂಡ ಕರಾರು 1872ರ ಕರಾರು ಕಾಯಿದೆಯಂತೆ ಸಿಂಧುವಲ್ಲ. ಹೀಗಾಗಿ ಕಾಗದಕ್ಕೆ ರುಜು ಹಾಕುವವನು ತಂದೆ, ಗಂಟಲು ಸವೆಸುವವಳು ಮಗಳು. ರುಜು ಹಾಕಲು ಬಾರದ ವಯಸ್ಸು ದುಡಿಸಲು ಮಾತ್ರ ಬರುವುದು ಹೇಗೆ? ಕೇಂದ್ರ ಸರಕಾರ ಈ ನಿಯಮಗಳನ್ನು ಹದಿನೆಂಟರವರೆಗೆ ವಿಸ್ತರಿಸಬೇಕು.

ಇದೆಲ್ಲ ದೂರದ ಮದರಾಸಿನ ಸಂಗತಿಯೆಂದು ನಮ್ಮ ಜಿಲ್ಲೆಯವರು ಕೈ ಕಟ್ಟಿ ಕೂರುವಂತಿಲ್ಲ. ಕೇರಳದ ಶಾಲಾ ಕಲೋತ್ಸವದಲ್ಲಿ 1986ರಿಂದ ಕಲಾತಿಲಕ, ಕಲಾಪ್ರತಿಭೆ ಎಂಬ ಪಟ್ಟಗಳಿದ್ದುವು. ಆ ಪಟ್ಟಕ್ಕಾಗಿ ಸಾಲ ಮಾಡಿದ ತಂದೆತಾಯಂದಿರನ್ನೂ, ತೀರ್ಪಿನ ವಿರುದ್ಧ ಕೋರ್ಟಿನ ಮೆಟ್ಟಿಲೇರಿದವರನ್ನೂ ಕಂಡು ಸರಕಾರವೇ ಕೊನೆಗೆ ಅವುಗಳನ್ನು ಕೈಬಿಟ್ಟಿತು. ಪಟ್ಟ ಹೋಯಿತು, ಪೈಪೋಟಿ ಹೋಗಲಿಲ್ಲ. ಬಹುಮಾನ ತಂದ ಹುಡುಗಿಯ ಚಿತ್ರವನ್ನು ಮೊದಲ ಪುಟದಲ್ಲಿ ಹಾಕುವ ಪತ್ರಿಕೆಗಳಲ್ಲಿ ನಮ್ಮದೂ ಒಂದು. ಅಧ್ಯಾಪಕರಾದ ನಾವೂ ಅಭ್ಯಾಸದ ಹೆಸರಿನಲ್ಲಿ ತರಗತಿಯಿಂದ ಎಬ್ಬಿಸಿ ಕಳಿಸಿದ್ದೇವೆ; ತಪ್ಪಿದ ಗಣಿತದ ಪಾಠವನ್ನು ಮತ್ತೆ ಮಾಡಿಕೊಟ್ಟವರು ಎಷ್ಟು ಮಂದಿ ಎಂದು ಕೇಳಿದರೆ ತಲೆ ತಗ್ಗಿಸಬೇಕಾದೀತು.

ಹಾಡಬಾರದೆಂದು ನಾವು ಹೇಳುತ್ತಿಲ್ಲ. ಹೆಣ್ಣುಮಕ್ಕಳು ಮೈಕಿನ ಮುಂದೆ ನಿಲ್ಲುವುದನ್ನೇ ಕುಂದೆಂದು ಕಾಣುತ್ತಿದ್ದ ಕಾಲ ನಮ್ಮ ತಾಯಂದಿರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಆ ಕಾಲ ಮರಳಿ ಬರಬೇಕೆಂದು ಬಯಸುವವರ ಕೈಗೆ ನಮ್ಮ ಈ ಬರಹ ಆಯುಧವಾಗಬಾರದು.

ಓಡೈಪಟ್ಟಿಯ ಆ ತಂದೆಗೆ ಕಳೆದ ವಾರ ಪತ್ರ ಬರೆದಿದ್ದೇವೆ. ಸ್ಪರ್ಧೆಗಳು ವರ್ಷ ವರ್ಷವೂ ಬರುತ್ತವೆ, ಮಾರ್ಚಿನ ಪರೀಕ್ಷೆ ಮೊದಲು ಮುಗಿಯಲಿ. ತೇನಿಯಲ್ಲಿಯೋ ಮದುರೆಯಲ್ಲಿಯೋ ಒಳ್ಳೆಯ ಗುರುಗಳನ್ನು ಹುಡುಕಿ ವಾರಕ್ಕೊಮ್ಮೆಯಾದರೂ ಪಾಠಕ್ಕೆ ಕಳಿಸಿ. ಮುಂದೆ ಹೋಗುವುದೇ ಆದರೆ ಕಾಗದಗಳನ್ನು ಬಲ್ಲವರಿಂದ ಓದಿಸದೆ ರುಜು ಹಾಕಬೇಡಿ, ಬಂದ ಹಣವನ್ನು ಅವಳ ಹೆಸರಿಗೇ ಇಡಿ ಎಂದು ತಿಳಿಸಿದ್ದೇವೆ. ಹುಡುಗಿಯನ್ನು ಕೇಳಿದಿರಾ ಎಂದೂ ಬರೆದಿದ್ದೇವೆ. ಮದುವೆಯ ದಿನ ಅವಳು ಚಪ್ಪರದ ಕಂಬಕ್ಕೆ ಒರಗಿ ನಮ್ಮ ಮಾತನ್ನೆಲ್ಲ ಕೇಳುತ್ತ ನಿಂತಿದ್ದಳು. ನಾವೂ ಅವಳನ್ನು ಕೇಳಿರಲಿಲ್ಲ.