ಸೇವೆಯ ವಿಮಾನ ಒಂದೇ ಕಡೆ ಹಾರಿದರೆ ಸಾಲದು

ಬಡತನವನ್ನು ಕಾಣಲು ಕಣ್ಣಿದ್ದರೆ ಸಾಕು. ಒಂದು ಸಮುದಾಯವನ್ನು ಹೊರಗಿಟ್ಟಿರುವುದನ್ನು ಕಾಣಬೇಕಾದರೆ ಅಲ್ಲಿನ ಮಾತು ತಿಳಿದಿರಬೇಕು, ಅಲ್ಲಿನ ಜನರೊಡನೆ ಬಾಳಿರಬೇಕು. ಹೊರದೇಶಗಳಿಗೆ ಹೋಗಿ ಸೇವೆ ಮಾಡುವ ಯುವಜನರ ಯೋಜನೆಗಳು ಎಲ್ಲಿ ಫಲ ಕೊಟ್ಟವು, ಎಲ್ಲಿ ಎಡವಿದವು ಎಂದು ಹುಡುಕುತ್ತಾ ಹೋದರೆ ಉತ್ತರ ಬಹುಪಾಲು ಇಲ್ಲೇ ಸಿಗುತ್ತದೆ. ಬಡತನದ ಮೇಲೆ ಕಣ್ಣಿಟ್ಟು ಹೊರಟ ಯೋಜನೆಗಳು ಹಲವು. ಹೊರಗಿಡುವಿಕೆಯನ್ನು ಅರಿತು ರೂಪಿಸಿದವು ಕೆಲವೇ.

ಈ ಪರಂಪರೆಗೆ ನೂರು ವರ್ಷ ತುಂಬಿದೆ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಪಿಯೆರ್ ಸೆರೆಸೋಲ್ ಫ್ರಾನ್ಸಿನ ವರ್ಡನ್ ಬಳಿಯ ಹಾಳುಬಿದ್ದ ಹಳ್ಳಿಯೊಂದನ್ನು ಮತ್ತೆ ಕಟ್ಟಲು ಹೊರಟರು. ಆ ತಂಡದಲ್ಲಿ ಜರ್ಮನ್ನರೂ ಇದ್ದರು. ನಿನ್ನೆಯ ಶತ್ರು ಇಂದು ಗೋಡೆ ಎಬ್ಬಿಸುವುದನ್ನು ಕಾಣುವುದೇ ಶಾಂತಿಯ ಕೆಲಸವೆಂಬುದು ಅವರ ನಂಬಿಕೆ. 1934ರ ಬಿಹಾರ ಭೂಕಂಪದ ನಂತರ ಇದೇ ಸೆರೆಸೋಲ್ ಭಾರತಕ್ಕೆ ಬಂದು ಹಳ್ಳಿಗಳ ಪುನರ್ನಿರ್ಮಾಣದಲ್ಲಿ ತೊಡಗಿದರು. 1958ರಲ್ಲಿ ಬ್ರಿಟನ್ನಿನ ವಿಎಸ್‌ಒ (ವಾಲಂಟರಿ ಸರ್ವಿಸ್ ಓವರ್‌ಸೀಸ್) ಹುಟ್ಟಿತು. 1961ರ ಮಾರ್ಚ್ 1ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಪೀಸ್ ಕೋರ್ ಸ್ಥಾಪಿಸುವ ಆದೇಶಕ್ಕೆ ಸಹಿ ಹಾಕಿದರು. ಆ ವರ್ಷದ ಕೊನೆಗೇ ಅದು ಭಾರತಕ್ಕೆ ಕಳಿಸಿದ ಮೊದಲ ತಂಡ ಪಂಜಾಬಿಗೆ ಬಂದಿತ್ತು. 1976ರವರೆಗೆ 4,000ಕ್ಕೂ ಹೆಚ್ಚು ಅಮೆರಿಕನ್ನರು ಭಾರತದಲ್ಲಿ ದುಡಿದರು. ಅಂದಿನ ಮೈಸೂರು ರಾಜ್ಯದ ಹಳ್ಳಿಗಳಲ್ಲೂ ಅವರು ಕೃಷಿ, ಕೋಳಿ ಸಾಕಣೆಯ ಕೆಲಸ ಮಾಡಿದ್ದುಂಟು.

ಅಂಥವರು ಕಂಡದ್ದೇನು, ಕಾಣದೆ ಹೋದದ್ದೇನು? ನಮ್ಮದೇ ಒಂದು ಹಳ್ಳಿಯನ್ನು ತೆಗೆದುಕೊಳ್ಳಿ. ಹೊರದೇಶದಿಂದ ಬಂದ ಹುಡುಗನಿಗೆ ಶಾಲೆಯ ಸೋರುವ ಚಾವಣಿ ಮೊದಲ ದಿನವೇ ಕಾಣುತ್ತದೆ. ಊರಿಗೂ ಕೇರಿಗೂ ನಡುವಿನ ಗೆರೆ ಕಾಣುವುದಿಲ್ಲ. ಬಿಸಿಯೂಟದ ಸಾಲಿನಲ್ಲಿ ಯಾರ ಮಗು ಎಲ್ಲಿ ಕೂರುತ್ತದೆ, ಹೋಟೆಲಿನಲ್ಲಿ ಯಾರಿಗೆ ಬೇರೆ ಲೋಟ, ಕ್ಷೌರಕ್ಕೆಂದು ಪಕ್ಕದ ಪಟ್ಟಣಕ್ಕೆ ಬಸ್ಸು ಹತ್ತಬೇಕಾದವರು ಯಾರು ಎಂಬುದನ್ನು ಅವನಿಗೆ ಯಾರೂ ಹೇಳುವುದಿಲ್ಲ. ಅವನಿಗೆ ಕೋಣೆ ಕೊಡುವವರು, ಹಬ್ಬದ ಊಟಕ್ಕೆ ಕರೆಯುವವರು ಸಾಮಾನ್ಯವಾಗಿ ಊರಿನ ಅನುಕೂಲಸ್ಥರು. ಅವನು ನಿಂತು ಕಟ್ಟಿಸುವ ನೀರಿನ ತೊಟ್ಟಿ ಯಾವ ಓಣಿಯಲ್ಲಿರಬೇಕು ಎಂದು ತೀರ್ಮಾನಿಸುವವರೂ ಅವರೇ. ಬಡತನಕ್ಕೆಂದು ಬಂದ ನೆರವು ಹೀಗೆ ಹೊರಗಿಡುವಿಕೆಯನ್ನು ಗಟ್ಟಿ ಮಾಡಿ ಹೋಗಬಹುದು. ಇದರಲ್ಲಿ ಹುಡುಗನ ಮನಸ್ಸಿನ ದೋಷವಿಲ್ಲ, ಯೋಜನೆಯ ದೋಷವಿದೆ.

ಈ ದೋಷವನ್ನು ಅತ್ಯಂತ ಕಟುವಾಗಿ ಹೇಳಿದವರು ಚಿಂತಕ ಇವಾನ್ ಇಲಿಚ್. ಮೆಕ್ಸಿಕೊದಲ್ಲಿ ಸೇವೆಗೆಂದು ಸಜ್ಜಾಗಿದ್ದ ಅಮೆರಿಕದ ವಿದ್ಯಾರ್ಥಿಗಳೆದುರು 1968ರಲ್ಲಿ ಮಾತನಾಡುತ್ತಾ ಅವರು, ನೋಡಲು ಬನ್ನಿ, ಕಲಿಯಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬರ್ಥದ ಮಾತಾಡಿದ್ದರು. ಸೇವೆ ಮಾಡಲೇಬೇಕಿದ್ದರೆ ನಿಮ್ಮ ಭಾಷೆಯಲ್ಲೇ ನಿಮ್ಮನ್ನು ಬೈದು ಓಡಿಸಬಲ್ಲ ಜನರ ನಡುವೆ ಮಾಡಿ ಎಂಬುದು ಅವರ ವಾದ. ಒಲ್ಲೆ ಎನ್ನಲು ಆಗದವರಿಗೆ ಮಾಡುವ ಸೇವೆಯಲ್ಲಿ ದರ್ಪ ನುಸುಳುತ್ತದೆ ಎಂಬ ಅವರ ಎಚ್ಚರಿಕೆ ಇಂದಿಗೂ ಹಳತಾಗಿಲ್ಲ.

ಮುಂದೆ ಸೇವೆಯ ಸುತ್ತ ಮಾರುಕಟ್ಟೆಯೇ ಬೆಳೆದಾಗ ಆ ಎಚ್ಚರಿಕೆ ನಿಜವಾಯಿತು. ಶುಲ್ಕ ಕಟ್ಟಿ ಎರಡು ವಾರ ಅನಾಥಾಲಯದಲ್ಲಿ ಮಕ್ಕಳೊಡನೆ ಕಳೆದು, ನಾಲ್ಕು ದಿನ ಊರು ಸುತ್ತಿ ಮರಳುವ ಪ್ರವಾಸಗಳು ಬಂದವು. ಕಾಂಬೋಡಿಯಾದ ಕತೆ ಇದಕ್ಕೆ ಕನ್ನಡಿ. ಅಲ್ಲಿನ ಸರ್ಕಾರದ ಜೊತೆ ಯುನಿಸೆಫ್ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2005ರಿಂದ 2010ರ ನಡುವೆ ಮಕ್ಕಳ ವಸತಿ ಕೇಂದ್ರಗಳ ಸಂಖ್ಯೆ 154ರಿಂದ 269ಕ್ಕೆ ಏರಿತ್ತು. ಅಲ್ಲಿದ್ದ ಪ್ರತಿ ನಾಲ್ವರು ಮಕ್ಕಳಲ್ಲಿ ಹೆಚ್ಚುಕಡಿಮೆ ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರು. ಓದು ಸಿಗುತ್ತದೆ, ಹೊಟ್ಟೆ ತುಂಬುತ್ತದೆ ಎಂದು ಬಡ ಪೋಷಕರು ಮಕ್ಕಳನ್ನು ಬಿಟ್ಟು ಹೋಗುತ್ತಿದ್ದರು. ದಾನಿಗಳು ಬರುತ್ತಿರಬೇಕಾದರೆ ಹಾಸಿಗೆಗಳು ಭರ್ತಿಯಾಗಿರಬೇಕು ಎಂಬ ಲೆಕ್ಕ ಕೇಂದ್ರ ನಡೆಸುವವರದು. ವಾರಕ್ಕೊಬ್ಬ ಅಕ್ಕ, ವಾರಕ್ಕೊಬ್ಬ ಅಣ್ಣ ಬಂದು ಮುದ್ದಿಸಿ ಹೊರಟುಹೋಗುವುದು ಪುಟ್ಟ ಮಕ್ಕಳ ಮನಸ್ಸಿಗೆ ಮಾಡುವ ಗಾಯ ಯಾವ ಲೆಕ್ಕಕ್ಕೂ ಸಿಗದು. ಆಸ್ಟ್ರೇಲಿಯಾದ ಸಂಸತ್ತಿನ ಸಮಿತಿ 2017ರಲ್ಲಿ ಆಧುನಿಕ ಗುಲಾಮಗಿರಿಯ ವಿಚಾರಣೆ ನಡೆಸಿದಾಗ ಅನಾಥಾಲಯ ಪ್ರವಾಸವನ್ನೂ ಅದರ ವ್ಯಾಪ್ತಿಗೆ ತಂದದ್ದು ಸುಮ್ಮನೆ ಅಲ್ಲ.

ಹಾಗೆಂದು ಎಲ್ಲವನ್ನೂ ತಳ್ಳಿಹಾಕಬೇಕೆ? ಈ ಯೋಜನೆಗಳನ್ನು ಸಮರ್ಥಿಸುವವರ ವಾದದಲ್ಲೂ ಹುರುಳಿದೆ. ಪೀಸ್ ಕೋರ್‌ನ ಮೂರು ಗುರಿಗಳಲ್ಲಿ ಎರಡು ಜನರು ಪರಸ್ಪರ ಅರಿಯುವುದಕ್ಕೆ ಸಂಬಂಧಿಸಿದವು. ಯೌವನದಲ್ಲಿ ಇನ್ನೊಂದು ನೆಲದಲ್ಲಿ ಬಾಳಿದವರು ಲೋಕವನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ನೆಟ್‌ಫ್ಲಿಕ್ಸ್ ಸ್ಥಾಪಕರಲ್ಲಿ ಒಬ್ಬರಾದ ರೀಡ್ ಹೇಸ್ಟಿಂಗ್ಸ್ ಎಂಬತ್ತರ ದಶಕದಲ್ಲಿ ಪೀಸ್ ಕೋರ್ ಸ್ವಯಂಸೇವಕರಾಗಿ ಆಫ್ರಿಕಾದ ಸ್ವಾಜಿಲೆಂಡಿನ ಶಾಲೆಯಲ್ಲಿ ಗಣಿತ ಕಲಿಸಿದವರು. ಆ ಅನುಭವ ಅವರನ್ನು ರೂಪಿಸಿತು ಎಂದು ಒಪ್ಪೋಣ. ಆದರೆ ಅವರ ತರಗತಿಯಲ್ಲಿ ಕೂತಿದ್ದ ಹುಡುಗರಲ್ಲಿ ಯಾರಿಗೆ ಕ್ಯಾಲಿಫೋರ್ನಿಯಾಕ್ಕೆ ಬಂದು ಎರಡು ವರ್ಷ ಇದ್ದು ಕಲಿಯುವ, ಕಲಿಸುವ ಅವಕಾಶ ಸಿಕ್ಕಿತು? ಕಲಿಕೆಯೇ ಲಾಭವಾದರೆ ಆ ಲಾಭದ ಹಂಚಿಕೆ ಏಕೆ ಇಷ್ಟು ಏರುಪೇರು?

ಈ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟ ಪ್ರಯೋಗಗಳಿವೆ. 2011ರಲ್ಲಿ ಬ್ರಿಟನ್ ಸರ್ಕಾರದ ಹಣದಿಂದ ಶುರುವಾದ ಇಂಟರ್‌ನ್ಯಾಷನಲ್ ಸಿಟಿಜನ್ ಸರ್ವಿಸ್‌ನಲ್ಲಿ 18ರಿಂದ 25ರ ವಯಸ್ಸಿನ ಬ್ರಿಟನ್ನಿನವರ ಜೊತೆ ಆಯಾ ದೇಶದ ಯುವಜನರೂ ತಂಡದಲ್ಲಿರುತ್ತಿದ್ದರು. ಇಬ್ಬರೂ ಒಂದೇ ಮನೆಯಲ್ಲಿ ಉಳಿದು ಒಂದೇ ಕೆಲಸ ಮಾಡುತ್ತಿದ್ದರು. ಊರಿನ ಒಳಗುಟ್ಟು ಬಲ್ಲವರು ಪಕ್ಕದಲ್ಲೇ ಇದ್ದಾಗ ತೊಟ್ಟಿ ಯಾರ ಓಣಿಯಲ್ಲಿ ನಿಲ್ಲಬೇಕೆಂಬ ಚರ್ಚೆಯೂ ಆಗುತ್ತದೆ. ಆದರೆ ನೆರವಿನ ಹಣ ಕಡಿತವಾದ ಕೋವಿಡ್ ಕಾಲದಲ್ಲಿ ಆ ಯೋಜನೆ ನಿಂತುಹೋಯಿತು.

ಯುರೋಪ್ ಇನ್ನೊಂದು ದಾರಿ ಹಿಡಿಯಿತು. 1996ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಯುರೋಪಿಯನ್ ವಾಲಂಟರಿ ಸರ್ವಿಸ್ ಪ್ರಯಾಣ, ವಸತಿ, ವಿಮೆ, ಕೈಖರ್ಚಿನ ಹಣವನ್ನು ಯೋಜನೆಯ ಲೆಕ್ಕದಲ್ಲೇ ಭರಿಸಿತು. 2016ರ ಡಿಸೆಂಬರಿನಲ್ಲಿ ಯುರೋಪಿಯನ್ ಸಾಲಿಡಾರಿಟಿ ಕೋರ್ ಬಂದ ಮೇಲೂ ಈ ಕ್ರಮ ಮುಂದುವರಿಯಿತು. ಅಂಗವಿಕಲರು, ನಿರುದ್ಯೋಗಿಗಳು, ದೂರದ ಹಳ್ಳಿಗಳವರು ಸೇವೆ ಪಡೆಯುವವರಾಗಿ ಅಷ್ಟೇ ಅಲ್ಲ, ಸೇವೆ ಮಾಡುವವರಾಗಿಯೂ ಬರಲಿ ಎಂದು ಅವರಿಗಾಗಿ ಅಲ್ಪಾವಧಿಯ ಅವಕಾಶಗಳನ್ನೂ ಹೆಚ್ಚಿನ ಮಾರ್ಗದರ್ಶನವನ್ನೂ ಇಡಲಾಯಿತು. ಅಂಚಿನಲ್ಲಿದ್ದ ಯುವತಿಯೊಬ್ಬಳು ಬೇರೆ ದೇಶದ ವೃದ್ಧಾಶ್ರಮದಲ್ಲಿ ಆರು ತಿಂಗಳು ಜವಾಬ್ದಾರಿ ಹೊತ್ತು ಮರಳಿದಾಗ ಅವಳ ಬಗ್ಗೆ ಅವಳ ಊರಿಗಿದ್ದ ಅಭಿಪ್ರಾಯವೂ ಅಲುಗಾಡಬಹುದು. ಆಕ್ಷೇಪಗಳೂ ಇದ್ದವು. ಸ್ಪೇನ್, ಗ್ರೀಸ್‌ಗಳಲ್ಲಿ 2013ರ ಹೊತ್ತಿಗೆ ಉದ್ಯೋಗ ಅರಸುವ ಯುವಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸವಿರಲಿಲ್ಲ. ಅಂಥ ಕಡೆ ಸಂಬಳದ ಹುದ್ದೆ ತುಂಬಬೇಕಾದಲ್ಲಿ ಸ್ವಯಂಸೇವಕರನ್ನು ಕೂರಿಸುವ ಅಪಾಯ ನಿಜವೇ.

ಜರ್ಮನಿಯ ‘ವೆಲ್ಟ್‌ವೆರ್ಟ್ಸ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2008ರಲ್ಲಿ ಶುರುವಾದ ಈ ಯೋಜನೆಯಲ್ಲಿ ವೆಚ್ಚದ ಶೇ 75ರವರೆಗೆ ಸರ್ಕಾರ ಕೊಡುತ್ತದೆ. 18ರಿಂದ 28ರ ವಯಸ್ಸಿನವರು ಸಾಮಾನ್ಯವಾಗಿ ಒಂದು ವರ್ಷ ಹೊರಗಿರುತ್ತಾರೆ. ಅಂಥವರು ಕರ್ನಾಟಕದ ಸಂಸ್ಥೆಗಳಿಗೂ ಬರುತ್ತಾರೆ. ಇದು ಒಮ್ಮುಖ ಸಂಚಾರ ಎಂಬ ಟೀಕೆ ಬಂದಾಗ, 2013ರ ನಂತರ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಯುವಜನರು ಜರ್ಮನಿಗೆ ಹೋಗಿ ಶಿಶುವಿಹಾರ, ವೃದ್ಧಾಶ್ರಮ, ಅಂಗವಿಕಲರ ಕೇಂದ್ರಗಳಲ್ಲಿ ದುಡಿಯುವ ಅವಕಾಶ ತೆರೆಯಿತು. ಆದರೆ ಅಲ್ಲಿಂದ ಹೊರಡುವವರಿಗೆ ಹೋಲಿಸಿದರೆ ಇಲ್ಲಿಂದ ಹೋಗುವವರ ಸಂಖ್ಯೆ ತೀರಾ ಕಡಿಮೆ. ವೀಸಾ ಕೊಡುವ ಕಿಟಕಿಯಲ್ಲಿ ಎರಡು ಪಾಸ್‌ಪೋರ್ಟ್‌ಗಳಿಗೆ ಸಿಗುವ ಮರ್ಯಾದೆ ಒಂದೇ ಅಲ್ಲ. ಒಂಟಿತನದಲ್ಲಿ ದಿನ ದೂಡುವ ಯುರೋಪಿನ ವೃದ್ಧರೂ, ಭಾಷೆ ಬಾರದೆ ಮೂಲೆಗುಂಪಾದ ಅಲ್ಲಿನ ವಲಸಿಗರೂ ಸಮಾಜದ ಹೊರಗುಳಿದವರೇ. ಬೀದರಿನ ಹುಡುಗಿ ಅವರಿಗೆ ನೆರವಾಗಬಲ್ಲಳು ಎಂಬ ಕಲ್ಪನೆಯೇ ವಿಚಿತ್ರವೆನಿಸುವುದಾದರೆ, ಬಡತನವೆಂಬುದು ದಕ್ಷಿಣದ ರೋಗ, ಪರಿಹಾರ ಉತ್ತರದ ಔಷಧ ಎಂಬ ಹಳೆಯ ನಂಬಿಕೆ ನಮ್ಮೊಳಗೂ ಉಳಿದಿದೆ ಎಂದರ್ಥ.

ದುಡ್ಡಿನ ಮಾತನ್ನೂ ಆಡಬೇಕು. ನಮ್ಮ ಹಳ್ಳಿಗಳಲ್ಲೇ ಆರೋಗ್ಯದ ಕೆಲಸ ಮಾಡುವ ಆಶಾ ಕಾರ್ಯಕರ್ತೆಯರೂ ಸರ್ಕಾರದ ಲೆಕ್ಕದಲ್ಲಿ ಸ್ವಯಂಸೇವಕಿಯರು. ಕೋವಿಡ್ ಕಾಲದಲ್ಲಿ ಮನೆಮನೆ ಅಲೆದ ಅವರು ಗೌರವಧನ ಹೆಚ್ಚಳಕ್ಕಾಗಿ 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಯಿತು. ಯಾವ ಮನೆಯ ಬಾಣಂತಿ ಯಾಕೆ ಆಸ್ಪತ್ರೆಗೆ ಬರುತ್ತಿಲ್ಲ ಎಂಬುದು ಗೊತ್ತಿರುವುದು ಅವರಿಗೆ. ಹೊರಗಿನಿಂದ ಬರುವ ಆರೋಗ್ಯ ಸ್ವಯಂಸೇವಕರು ಅವರ ಕೈಕೆಳಗೆ ಕಲಿಯುವವರಾಗಿರಬೇಕು, ಅವರಿಗೆ ಕಲಿಸುವವರಾಗಿ ಅಲ್ಲ.

ಕರ್ನಾಟಕ ಇಲ್ಲಿ ಮಾಡಬಹುದಾದದ್ದು ಸಾಕಷ್ಟಿದೆ. ವಿದೇಶಿ ಸ್ವಯಂಸೇವಕರನ್ನು ಕರೆಸಿಕೊಳ್ಳುವ ಸಂಸ್ಥೆಗಳಿಗೆ ಸರಳವಾದ ಕಟ್ಟಳೆ ಬೇಕು: ಮಕ್ಕಳ ವಸತಿಗೃಹಗಳಿಗೆ ಅಲ್ಪಾವಧಿಯವರ ಪ್ರವೇಶ ನಿಲ್ಲಬೇಕು, ಪ್ರತಿ ವಿದೇಶಿ ಸ್ವಯಂಸೇವಕರ ಜೊತೆ ಅದೇ ಕೆಲಸಕ್ಕೆ ಸ್ಥಳೀಯರೊಬ್ಬರಿರಬೇಕು, ಏನು ಕೆಲಸ ಬೇಕೆಂದು ಗ್ರಾಮಸಭೆಯಲ್ಲಿ ಕೇರಿಯ ಜನರೂ ಕೂತು ಹೇಳಬೇಕು. ಶುಲ್ಕ ಕಟ್ಟಿ ಹೊರದೇಶಕ್ಕೆ ಸೇವೆಗೆ ಹೊರಡುವ ನಮ್ಮ ನಗರಗಳ ಕಾಲೇಜು ಹುಡುಗರೂ ಇದೇ ಅಳತೆಗೋಲನ್ನು ಹಿಡಿದು ಕೇಳಲಿ: ನಮ್ಮನ್ನು ಕರೆದವರು ಯಾರು, ನಾವು ಕಟ್ಟಿದ ಹಣ ಯಾರ ಕೈ ಸೇರುತ್ತದೆ, ನಾವು ಮಾಡುವ ಕೆಲಸದಿಂದ ಅಲ್ಲಿನ ಯಾರ ಕೂಲಿ ತಪ್ಪುತ್ತದೆ?

ಇದಕ್ಕೆ ಬೇಕಾದ ಅಡಿಪಾಯ ನಮ್ಮಲ್ಲೇ ಇದೆ. ಗಾಂಧೀಜಿ ಜನ್ಮಶತಮಾನೋತ್ಸವದ ವರ್ಷವಾದ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ವಿದ್ಯಾರ್ಥಿಗಳು ಎರಡು ವರ್ಷದಲ್ಲಿ 240 ಗಂಟೆ ದುಡಿಯುತ್ತಾರೆ, ಏಳು ದಿನ ಹಳ್ಳಿಯಲ್ಲಿ ಶಿಬಿರ ಹೂಡುತ್ತಾರೆ. ಈ ವ್ಯವಸ್ಥೆಯನ್ನು ವಿದೇಶಿ ಯೋಜನೆಗಳೊಡನೆ ಸರಿಸಮನಾಗಿ ಜೋಡಿಸಬೇಕು. ಒಬ್ಬರು ಬಂದರೆ ಒಬ್ಬರು ಹೋಗಬೇಕು. ಹೋಗುವವರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಕಾಲೇಜುಗಳ, ದಲಿತ, ಆದಿವಾಸಿ ಕುಟುಂಬಗಳ ಮಕ್ಕಳಿಗೆ ಮೊದಲ ಸಾಲು ಸಿಗಬೇಕು, ವೆಚ್ಚವನ್ನು ಎರಡೂ ಸರ್ಕಾರಗಳು ಹೊರಬೇಕು. ಇಷ್ಟಕ್ಕೆ ಒಪ್ಪದ ದೇಶ ತನ್ನ ಯುವಜನರನ್ನು ಇಲ್ಲಿಗೆ ಕಳಿಸಿ ಅದನ್ನು ಸ್ನೇಹವೆಂದು ಕರೆದುಕೊಳ್ಳುವುದು ಸಲ್ಲದು. ಆ ಮಾತನ್ನು ಒಪ್ಪಂದದ ಮೇಜಿನಲ್ಲಿ ಹೇಳುವ ಧೈರ್ಯ ನಮ್ಮ ವಿಶ್ವವಿದ್ಯಾಲಯಗಳಿಗೂ ಸರ್ಕಾರಕ್ಕೂ ಬರಬೇಕಿದೆ.